ಐದು ಒಂಬತ್ತು ಇಪ್ಪತ್ತೆರಡು

ಗ್ರೀನಿಚ್ಚಿನಲ್ಲಿ ನಡುರಾತ್ರಿ ಹನ್ನೆರಡಾದರೆ
ಅರಸೀಕೆರೆಯಲ್ಲಿ ಬೆಳಗಿನ ಐದೂವರೆ.
ಸ್ಪರ್ಧೆ ಶುರುವಾಗುವುದು ಆಗ.
ಹಾಗಾಗಿ ಶುಕ್ರವಾರ ಸಂಜೆಯೇ ಕರೇಕಲ್ಲು ಗುಡ್ಡ ಹತ್ತಿದೆವು:
ಏಳು ಜನ, ಒಂದು ಲಗೇಜ್ ಆಟೊ,
ನಯಾಜನ ಅಂಗಡಿಯ ಎರಡು ಲಾರಿ ಬ್ಯಾಟರಿ,
ಶಶಿರೇಖಾ ಮೇಡಂ ಕರಿದು ತಂದ ಡಬ್ಬಿ ತುಂಬ ನಿಪ್ಪಟ್ಟು,
ಕಂಬಳಿ ಸುತ್ತಿ ಫೆಲಿಕ್ಸ್ ಸರ್
ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡ ರೇಡಿಯೊ.

ಹುಣಸೆಮರಕ್ಕೆ ಹಗ್ಗ ದಾಟಿಸಲು
ಕಲ್ಲು ಕಟ್ಟಿ ಎಸೆದದ್ದು ಹನ್ನೊಂದು ಸಲ.
ಹತ್ತು ಸಲ ಕಲ್ಲು ನಮ್ಮ ತಲೆಯನ್ನೇ ಹುಡುಕಿಕೊಂಡು ಬಂತು.
ಹನ್ನೊಂದನೆಯದು ಷಡಕ್ಷರಿಯದು.
ಹೈಸ್ಕೂಲಿನಲ್ಲಿ ಮಾವಿನಕಾಯಿ ಉದುರಿಸಿದ ಕೈ
ಗುರಿ ಮರೆತಿರಲಿಲ್ಲ.

ಕುರಿ ಹೊಡೆದುಕೊಂಡು ಬಂದ ಕೆಂಚಮ್ಮ
ಬಿಗಿದ ತಂತಿ ನೋಡಿದಳು.
"ಬಟ್ಟೆ ಒಣಗಾಕಾಕಾ? ಬಟ್ಟೆ ಎಲ್ಲಿ?"
"ಇಲ್ಲಮ್ಮ, ಇದರಲ್ಲಿ ಜಪಾನಿನವರ ಜೊತೆ ಮಾತಾಡ್ತೀವಿ."
"ನೆಂಟರಿದಾರಾ ಅಲ್ಲಿ?"
"ಯಾರೂ ಇಲ್ಲ."
"ಮತ್ತೇನ್ ಮಾತು?"
ಐದು ಒಂಬತ್ತು ಇಪ್ಪತ್ತೆರಡು, ಅಂದೆ.
ನಿನ್ನ ದನಿ ಚೆನ್ನಾಗಿ ಕೇಳಿಸ್ತಿದೆ,
ನಾವಿರೋದು ಇಪ್ಪತ್ತೆರಡನೇ ವಲಯ.
ಅವರೂ ಹಂಗೇ ಅಂತಾರೆ. ಮುಗೀತು. ಮುಂದಿನವರು.
ಕೆಂಚಮ್ಮ ಎಲೆಯಡಿಕೆಯನ್ನು
ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿ
"ಊಟ ಆಯ್ತಾ ಅಂತಾನೂ ಕೇಳಲ್ವಾ?" ಅಂದಳು.

ಕೇಳುವುದಿಲ್ಲ.
ಸ್ಪರ್ಧೆಯಲ್ಲಿ ಎಲ್ಲರ ದನಿಯೂ ಐದು ಒಂಬತ್ತೇ.
ಗಂಟಲಲ್ಲಿ ಮರಳು ತುಂಬಿಕೊಂಡು ಬಂದವನಿಗೂ
ಕರೆಗುರುತನ್ನು ನಾಲ್ಕು ಸಲ ಹೇಳಿಸಿದವನಿಗೂ ಅದೇ ಅಂಕ.
ಅಡುಗೆ ಹೇಗಿದೆ ಎಂದು ಬಡಿಸುವವರು ಕೇಳಿದರೆ
ಮದುವೆಮನೆಯಲ್ಲಿ ಹೇಳುತ್ತೇವಲ್ಲ, ಆ ಉತ್ತರ.

ಕೆಳಗೆ ರೈಲು ಹಾದಾಗಲೆಲ್ಲ ಬ್ಯಾಂಡಿನ ತುಂಬ ಗರಗರ.
ಸ್ಟೇಷನ್ನಿನಲ್ಲಿ ಮೂವತ್ತೆರಡು ವರ್ಷ
ಸಿಗ್ನಲ್ ನೋಡಿಕೊಂಡ ಫೆಲಿಕ್ಸ್ ಸರ್
ಕಣ್ಣು ಮುಚ್ಚಿಯೇ ಹೇಳುತ್ತಿದ್ದರು,
"ಗೂಡ್ಸು. ಖಾಲಿ ವ್ಯಾಗನ್ನು."
ಬಗ್ಗಿ ನೋಡಿದರೆ ಹೌದು.
ಮನುಷ್ಯರ ದನಿ ಮಾತ್ರ ಈಚೆಗೆ ಅವರಿಗೆ ಸಿಗುತ್ತಿಲ್ಲ.
ಅದಕ್ಕೇ ಮೈಕು ನನ್ನ ಕೈಗೆ ಬಂತು,
ಪರವಾನಗಿ ಬಂದು ಮೂರು ತಿಂಗಳಾಗದ,
ಕೊಬ್ಬರಿ ಮಂಡಿಯಲ್ಲಿ ತೂಕ ಕೂಗುವ ನನ್ನ ಕೈಗೆ.

ಎರಡನೇ ರಾತ್ರಿ, ಗಂಟೆ ಎರಡೂವರೆ.
ಲಾಗ್ ಪುಸ್ತಕದ ಮೇಲೆ ಪೆನ್ನು ಹಿಡಿದೇ
ತೂಕಡಿಸುತ್ತಿದ್ದರು ಮೇಡಂ.
ಹೊಕ್ಕೈಡೋದಿಂದ ಒಬ್ಬ; ಅಲ್ಲಿ ಆಗ ಬೆಳಕು ಹರಿಯುವ ಹೊತ್ತು.
ಐದು ಒಂಬತ್ತು ಇಪ್ಪತ್ತೈದು, ಅಂದ.
ಥ್ಯಾಂಕ್ಯೂ ಎಂದು ಮುಂದಿನವನನ್ನು ಕರೆಯಬೇಕು.
ಹರುಕು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ:
ಊಟ ಆಯ್ತಾ?

ಬರೀ ಸುಯ್ ಎನ್ನುವ ಸದ್ದು.
ಮೇಡಂ ಎಚ್ಚೆತ್ತು ಮೊಣಕೈಯಿಂದ ತಿವಿದರು.
ಆಮೇಲೆ ಅವನು ನಕ್ಕ,
ನಗು ತುಂಡುತುಂಡಾಗಿ ಬಂತು.
ಇನ್ನೂ ಇಲ್ಲ. ಹೆಂಡತಿ ಮಲಗಿದ್ದಾಳೆ.
ಅಕ್ಕಿ ತೊಳೆದಿಟ್ಟಿದ್ದೇನೆ. ಹೊರಗೆ ಈ ವರ್ಷದ ಮೊದಲ ಹಿಮ.
ನಿನ್ನದು?
ಇಂಗ್ಲಿಷ್ ಹೊಳೆಯದೆ ನಿಪ್ಪಟ್ಟು ಅಂದೆ.
ನಿ, ಪ್ಪಾ, ತೊ,
ಕರೆಗುರುತು ಖಚಿತಪಡಿಸಿಕೊಳ್ಳುವಂತೆ
ಬಿಡಿಸಿ ಬಿಡಿಸಿ ಅಂದ.

ನಲವತ್ತು ಸೆಕೆಂಡು ಹೋಯಿತು.
ಸರದಿಯಲ್ಲಿ ಕಾದಿದ್ದ ಇಬ್ಬರು ಬೇರೆ ಕಡೆ ಸರಿದರು.
"ಎರಡು ಸಂಪರ್ಕ ಕಳೆದೆ ನೀನು!"
ಮೇಡಂ ಗದರಿದರು. ಗದರಿ, ಲಾಗಿನ ಅಂಚಿನಲ್ಲಿ,
ಯಾವ ಅಂಕಣವೂ ಇಲ್ಲದ ಕಡೆ,
ಪೆನ್ಸಿಲ್ಲಿನಲ್ಲಿ ಬರೆದರು: ಅಕ್ಕಿ ತೊಳೆದಿದೆ.

ಸೋಮವಾರ ಬೆಳಗಿನ ಐದೂವರೆಗೆ ಎಲ್ಲ ನಿಂತಿತು.
ತಂತಿ ಸುತ್ತಿದೆವು. ಹಗ್ಗ ಕೊಂಬೆಗೆ ಸಿಕ್ಕಿ ಬರಲೇ ಇಲ್ಲ,
ಕೊಯ್ದು ಬಿಟ್ಟುಬಂದೆವು.
ನಾವು ಎಷ್ಟನೆಯವರೆಂದು ತಿಳಿಯಲು ತಿಂಗಳುಗಳೇ ಬೇಕು.

ಇಳಿಜಾರಿನಲ್ಲಿ ಕೆಂಚಮ್ಮ ಎದುರಾದಳು.
"ಕೇಳಿದ್ರಾ?"
"ಕೇಳಿದೆ."
"ಏನಂತೆ?"
"ಇನ್ನೂ ಆಗಿಲ್ವಂತೆ."
"ಅಯ್ಯೋ," ಅಂದಳು,
ದಾರಿ ತಪ್ಪಿದ ಮರಿಯೊಂದರ ಕಡೆ ತಿರುಗುತ್ತ,
"ಇಷ್ಟೊತ್ತಾದ್ರೂನಾ?"